ಭಾಲ್ಕಿಗೆ ಬಂದ ಜರ್ಮನ್ ಫೌಜದಾರ

ನಾನು ಮದುವೆಯಾಗಿ ಬೀದರದಿಂದ ಭಾಲ್ಕಿಗೆ ಬಂದ ವರ್ಷ, ತಮ್ಮ ಮನೆಗೆ ಎರಡು ಹೊಸ ಜೀವ ಬಂದವೆಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ತಿರುಗಿದರು. ಒಂದು ಸೊಸೆ, ಇನ್ನೊಂದು ಟಿವಿ. ಎರಡಕ್ಕೂ ಇಂಗ್ಲಿಷ್ ಬರುತ್ತಿತ್ತು, ಮನೆಯಲ್ಲಿ ಉಳಿದವರಿಗೆ ಬರುತ್ತಿರಲಿಲ್ಲ. ಹಾಗಾಗಿ ಟಿವಿ ಆಡಿದ್ದನ್ನು ಸೊಸೆ ಬಿಡಿಸಿ ಹೇಳಬೇಕು ಎನ್ನುವುದು ಯಾರೂ ಕೂತು ಮಾತಾಡದೆಯೇ ನಿಶ್ಚಯವಾಗಿ ಹೋಯಿತು.

ನನ್ನ ಯಜಮಾನರಿಗೆ ಬೀದರದಲ್ಲಿ ಆಫೀಸು. ವಾರವೆಲ್ಲ ಅಲ್ಲೇ, ಶನಿವಾರದ ಬಸ್ಸಿಗೆ ಮನೆ. ಮಾವ ಇರಲಿಲ್ಲ. ಮನೆಯಲ್ಲಿ ದಿನಾ ಇರುತ್ತಿದ್ದವರು ಅತ್ತೆ, ನಾನು ಮತ್ತು ನಾದಿನಿ. ನಾದಿನಿಯನ್ನು ಔರಾದ ತಾಲ್ಲೂಕಿನ ಸಂತಪುರದವರಿಗೆ ಕೊಟ್ಟಿದ್ದರು. ಅವಳ ಗಂಡ ಭಾಲ್ಕಿಯ ಒಂದು ಎಣ್ಣೆ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಮಳೆ ಕೈಕೊಟ್ಟಿತು, ಶೇಂಗಾ ಬರಲಿಲ್ಲ, ಕುಸುಬೆ ಬರಲಿಲ್ಲ. ಬೀಜವೇ ಬರದಿದ್ದರೆ ಗಿರಣಿ ಏನನ್ನು ಅರೆಯಬೇಕು? ಅದು ಬಾಗಿಲು ಹಾಕಿದ ಮೇಲೆ ಅವರು ಮುಂಬೈಗೆ ಹೋಗಿ ಬಿಸ್ಕೀಟು ಕಾರ್ಖಾನೆ ಸೇರಿದರು. ಇರಲಿಕ್ಕೆ ಒಂದು ಖೋಲಿ ಸಿಕ್ಕ ಕೂಡಲೇ ಬಂದು ಕರೆದೊಯ್ಯುತ್ತೇನೆಂದು ಹೇಳಿ, ಹೆಂಡತಿಯನ್ನು ತವರಿನಲ್ಲಿ ಬಿಟ್ಟಿದ್ದರು.

ಆ ವರ್ಷಗಳಲ್ಲಿ ಭಾಲ್ಕಿಯ ಬಸ್‌ಸ್ಟ್ಯಾಂಡ್ ಯಾವಾಗ ನೋಡಿದರೂ ಗಂಟುಗಳಿಂದ ತುಂಬಿರುತ್ತಿತ್ತು. ಕೌದಿಯ ಗಂಟು, ಪಾತ್ರೆಯ ಗಂಟು, ಗಂಟಿನ ಮೇಲೆ ನಿದ್ದೆ ಹೋದ ಕೂಸು. ಕೆಲವರು ಹೈದರಾಬಾದಿಗೆ, ಕೆಲವರು ಮುಂಬೈಗೆ. ನಮ್ಮ ಓಣಿಗೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಇಷ್ಟೆಲ್ಲ ಇದ್ದೂ ಆ ವರ್ಷ ನಾವು ಮೂವರು ನಕ್ಕಷ್ಟು ಮುಂದೆ ಯಾವತ್ತೂ ನಗಲಿಲ್ಲ ಎಂದೇ ನನಗೆ ನೆನಪು. ಅದಕ್ಕೆ ಅರ್ಧ ಕಾರಣ ಒಬ್ಬ ಜರ್ಮನ್ ಫೌಜದಾರ.

ಆಗ ದಿಲ್ಲಿಯಿಂದ ಬರುತ್ತಿದ್ದದ್ದು ಒಂದೇ ಚಾನೆಲ್. ಅದರಲ್ಲಿ ವಾರಕ್ಕೊಮ್ಮೆ, ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ಜರ್ಮನಿಯ ಒಂದು ಪತ್ತೇದಾರಿ ಧಾರಾವಾಹಿ. ಅಲ್ಲಿ ಅದು ಶುರುವಾಗಿ ಕೆಲವು ವರ್ಷ ಕಳೆದಿತ್ತಂತೆ. ನಮಗೆ ಬರುತ್ತಿದ್ದದ್ದು ಆ ಮೊದಲ ವರ್ಷಗಳ ಕಂತುಗಳು, ಇಂಗ್ಲಿಷ್ ದನಿ ಹಚ್ಚಿದವು. ಊರು ಮ್ಯೂನಿಕ್. ಒಬ್ಬ ವಯಸ್ಸಾದ, ಮೈಕೈ ತುಂಬಿದ ಪೊಲೀಸ್ ಅಧಿಕಾರಿ, ನಮ್ಮ ಕಡೆಯ ಮಾತಿನಲ್ಲಿ ಫೌಜದಾರ, ದಪ್ಪ ಕೋಟು. ಓಡುವುದಿಲ್ಲ, ಬಂದೂಕು ಹಿರಿಯುವುದಿಲ್ಲ. ಯಾರದ್ದೋ ಮನೆಗೆ ಹೋಗುತ್ತಾನೆ, ಕುರ್ಚಿ ನೋಡಿ ಕೂರುತ್ತಾನೆ, ಒಂದು ಪ್ರಶ್ನೆ ಕೇಳಿ ಸುಮ್ಮನಿರುತ್ತಾನೆ. ಆ ಸುಮ್ಮನಿರುವುದು ತಡೆಯಲಾಗದೆ ಎದುರಿನವರು ತಾವಾಗಿಯೇ ಮಾತಾಡಿ ಸಿಕ್ಕಿಬೀಳುತ್ತಾರೆ.

ಮೊದಲ ದಿನ ಯಾರಿಗೂ ಹಿಡಿಸಲಿಲ್ಲ. ಎದುರುಮನೆಯ ಆಯಿ, ಅತ್ತೆಯ ವಾರಿಗೆಯ ಮುದುಕಿ, ತಮ್ಮ ಮಣೆ ತಾವೇ ಹೊತ್ತುಕೊಂಡು ಬಂದಿದ್ದರು. "ಇದೇನ ಸಿನೆಮಾ? ಹಾಡಿಲ್ಲ, ಹೊಡೆದಾಟಿಲ್ಲ. ಬರೇ ಮೆಟ್ಟಲ ಹತ್ತತಾರ, ಇಳಿತಾರ" ಎಂದು ಎದ್ದು ಹೋಗಲು ಮಣೆ ಎತ್ತಿದರು. ಅಷ್ಟರಲ್ಲಿ ಪರದೆಯ ಮೇಲೆ ಮಳೆ ಶುರುವಾಯಿತು. ಮಣೆ ಕೆಳಗಿಳಿಯಿತು.

"ಅಯ್ಯ, ಹ್ಯಾಂಗ ಬೀಳ್ಲಕತ್ತದ ನೋಡ್ರಿ!"

ಆ ಊರಲ್ಲಿ ಪ್ರತಿ ವಾರ ಮಳೆ. ಕಾರಿನ ಗಾಜಿನ ಮೇಲೆ, ಛತ್ರಿಯ ಮೇಲೆ, ಹೆಣದ ಮೇಲೂ ಮಳೆ. ಒಳಗೆ ಖೂನಿಯ ವಿಚಾರಣೆ ನಡೆದಿದ್ದರೆ ಆಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. "ಆ ನೀರೆಲ್ಲ ಗಟಾರಕ್ಕ ಹೊಂಟದ. ಒಬ್ಬರರ ಒಂದು ಬಕೀಟ ಇಡಬಾರದಾ ಸೂರಿನ ಕೆಳಗ?" ಎಂದು ಸಂಕಟಪಡುತ್ತಿದ್ದರು. ಕೊಲೆಗಾರನಿಗಿಂತ ಆ ನೀರು ಪೋಲು ಮಾಡುವವರ ಮೇಲೆ ಅವರಿಗೆ ಹೆಚ್ಚು ಸಿಟ್ಟು. ಚಳಿಗಾಲದ ಕಂತುಗಳಲ್ಲಿ ಹಿಮ ಬೀಳುತ್ತಿತ್ತು. ನಮ್ಮ ಆಂಟೆನಾ ಕೂಡ ಗಾಳಿಗೆ ತಿರುಗಿದರೆ ಪರದೆ ತುಂಬ ಹಿಮ ಸುರಿಸುತ್ತಿತ್ತು. ಜರ್ಮನಿಯ ಹಿಮ ಯಾವುದು, ನಮ್ಮ ಮಾಳಿಗೆಯ ಹಿಮ ಯಾವುದು ಎಂದು ತಿಳಿಯದೆ ನಾದಿನಿ ಮೇಲೆ ಹೋಗಿ ಕೊಳವೆ ತಿರುವುತ್ತ, "ನಿಂತ್ತಾ? ಇನ್ನಾ ಬೀಳ್ಲಕತ್ತದಾ?" ಎಂದು ಕೂಗುತ್ತಿದ್ದಳು. ಬೀದಿಯಲ್ಲಿ ಹೋಗುವವರು ಮೋಡ ಹುಡುಕುತ್ತ ತಲೆಯೆತ್ತುತ್ತಿದ್ದರು.

ನಾನು ಕಲಿತದ್ದು ಬೀದರದ ಒಂದು ಕಾನ್ವೆಂಟ್ ಶಾಲೆಯಲ್ಲಿ. ಬೆನ್ನು ನೆಟ್ಟಗೆ ಇಟ್ಟು ಕೂರುವುದು, ಕರ್ಚೀಫಿನ ಅಂಚಿಗೆ ಹೂ ಹಾಕುವುದು, ಓದಿದ ಕಥೆಯನ್ನು ಸ್ವಂತ ಮಾತಿನಲ್ಲಿ ತಿರುಗಿ ಹೇಳುವುದು, ಇವು ಮೂರನ್ನೂ ಅಲ್ಲಿಯ ಸಿಸ್ಟರುಗಳು ಬಿಡದೆ ಕಲಿಸಿದ್ದರು. ಮೂರನೆಯದು ಭಾಲ್ಕಿಯಲ್ಲಿ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು? ನಾನು ಟಿವಿಯ ಪಕ್ಕಕ್ಕೆ ಕೂತು, "ಈಗ ಆ ಹೆಣ್ಮಗಳು ತನಗ ಏನೂ ಗೊತ್ತಿಲ್ಲ ಅಂತಾಳ" ಎನ್ನುತ್ತಿದ್ದೆ. ಅತ್ತೆ ಕಣ್ಣು ಕಿರಿದು ಮಾಡಿ ಆ ಹೆಂಗಸನ್ನು ನೋಡುತ್ತಿದ್ದರು.

"ಸುಳ್ಳು."

"ಹ್ಯಾಂಗ ಹೇಳ್ತೀರಿ ಅತ್ತಿ?"

"ಬಾಯಿ ನೋಡು. ಬಾಯಿ ಒಂದು ಆಡ್ತದ, ಮಾತು ಒಂದು ಬರ್ತದ. ಇಂಥವರನ್ನ ಹ್ಯಾಂಗ ನಂಬೋದು?"

ಅವರು ಜರ್ಮನ್ ಭಾಷೆಯಲ್ಲಿ ಆಡಿದ್ದಕ್ಕೆ ಬೇರೆಯವರು ಇಂಗ್ಲಿಷಿನಲ್ಲಿ ದನಿ ಕೊಟ್ಟಿದ್ದಾರೆ, ಅದಕ್ಕೇ ತುಟಿ ಕೂಡುವುದಿಲ್ಲ ಎಂದು ನಾನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿದರು. "ಅಂದ್ರ ಒಬ್ಬಾಕಿ ಮಾತು ಇನ್ನೊಬ್ಬಾಕಿ ಆಡತಾಳ. ಅದಕ್ಕೇ ಹೇಳಿದೆ, ಸುಳ್ಳು" ಎಂದು ಮುಗಿಸಿಬಿಟ್ಟರು. ಫೌಜದಾರನ ತುಟಿಯೂ ಕೂಡುತ್ತಿರಲಿಲ್ಲ. ಆದರೆ ಅವನ ಮಾತೇ ಕಡಿಮೆ. ಆದ್ದರಿಂದ ಅವನೊಬ್ಬ ನಂಬಿಗಸ್ತ. ಬಂದವನಿಗೆ ಯಾರೂ ಒಂದು ತಂಬಿಗೆ ನೀರು ಕೊಡುವುದಿಲ್ಲವಲ್ಲ ಎಂಬುದೂ ಅತ್ತೆಗೆ ಖೇದ. "ನಮಗ ಟ್ಯಾಂಕರ್ ನೀರು, ಆದ್ರೂ ಬಂದವರಿಗೆ ಮೊದಲು ತಂಬಗಿ ಮುಂದ ಇಡ್ತೇವಿ. ಇವರಿಗೆ ಸುರಿದು ಹೋಗೋವಷ್ಟು ಅದ, ಒಂದು ಗುಟುಕು ಕೊಡೋದಿಲ್ಲ."

ನಾನು ನೋಡುತ್ತಿದ್ದದ್ದು ಬೇರೆ. ಆ ಮನೆಗಳ ದೀಪಗಳು ಎಷ್ಟು ಕೆಳಗೆ ತೂಗುತ್ತಿದ್ದವು, ಟೆಲಿಫೋನಿನ ಸುರುಳಿ ದಾರವನ್ನು ಹೆಂಗಸರು ಬೆರಳಿಗೆ ಹೇಗೆ ಸುತ್ತಿಕೊಳ್ಳುತ್ತಿದ್ದರು, ಬಾಗಿಲು ಹಾಕಿದರೆ ಬರುವ ಆ ಸಣ್ಣ ಟಕ್ ಸದ್ದು. ನಮ್ಮ ಬಾಗಿಲು ಹಾಕಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ವಾರ ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಸರಿಯಾಗಿ ಟ್ಯಾಂಕರ್ ಹಾರ್ನ್ ಹೊಡೆಯಿತು. ಕೊಡ, ಬಿಂದಿಗೆ, ಬಕೀಟು ಎಲ್ಲ ಎತ್ತಿಕೊಂಡು ಓಡಿದೆವು. ತಿರುಗಿ ಬಂದಾಗ ಫೌಜದಾರ ಕಾರು ಹತ್ತಿ ಹೊರಟಿದ್ದ. ಕೊಂದವನು ಅಳಿಯನೋ ವಕೀಲನೋ ಎಂದು ಇಡೀ ವಾರ ಜಗಳ. ವಕೀಲನೆಂದು ಅತ್ತೆ, ಅಳಿಯನೆಂದು ಆಯಿ. "ಅಳಿಯಂದಿರ ಮ್ಯಾಲ ಯಾಕ ಸುಮ್ಮನ ಅಪವಾದ ಹಾಕ್ತೀರಿ?" ಎಂದು ನಾದಿನಿ ಹುಸಿಮುನಿಸು ತೋರಿದಳು. "ನಿನ್ನ ಗಂಡಗ ಅನ್ನಲಿಲ್ಲವ್ವ. ಅಂವ ಬಿಸ್ಕೀಟ ಬಿಟ್ಟು ಯಾರನ್ನ ಮುರದಾನು?" ಎಂದರು ಆಯಿ.

ಹೀಗಿರುವಾಗ ಸಂತಪುರದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಬೀಗರು ಕಳಿಸಿದ ಸುದ್ದಿ ಹೇಳಿ ಹೋದರು. ಅಳಿಯನಿಗೆ ಖೋಲಿ ಸಿಕ್ಕಿದೆ, ಶ್ರಾವಣ ಹುಟ್ಟುವ ಮುಂಚೆ ಬಂದು ಹೆಂಡತಿಯನ್ನು ಕರೆದೊಯ್ಯುತ್ತಾರಂತೆ. ನಾದಿನಿ ಒಳಗೆ ಹೋಗಿ ತನ್ನ ಸೀರೆಗಳನ್ನು ಒಂದೊಂದಾಗಿ ಕೊಡವಿ ಮಡಚತೊಡಗಿದಳು. ಅವು ಮೊದಲೇ ಮಡಚಿದ್ದವು.

ಅತ್ತೆ ಮಾತ್ರ, "ಈಗೇನು ಅವಸರ?" ಎಂದರು. ಮೊದಲು ಆಷಾಢ ಎಂದರು. ಆಮೇಲೆ ಮಗಳಿಗೆ ಮುಂಬೈ ನೀರು ಒಗ್ಗುವುದಿಲ್ಲ ಎಂದರು. ನೀರೇ ಇಲ್ಲದ ಊರಲ್ಲಿ ಕೂತು ಬೇರೆ ಊರಿನ ನೀರು ಒಗ್ಗುವುದಿಲ್ಲ ಎನ್ನುವುದಕ್ಕೆ ನಾದಿನಿಗೆ ನಗು ಬಂತು. ಆದರೆ ಅತ್ತೆ ನಗಲಿಲ್ಲ. ಅವರು ಇಲ್ಲವೆಂದರೆ ಇಲ್ಲ. ಮಗಳನ್ನು ಕಳಿಸುವ ಮಾತಿನಲ್ಲಿ ಆ ಮನೆಯಲ್ಲಿ ಅವರನ್ನು ಮೀರುವವರು ಯಾರೂ ಇರಲಿಲ್ಲ, ನನ್ನ ಯಜಮಾನರೂ. ನಾದಿನಿಯ ಸೀರೆಯ ಗಂಟು ಮಂಚದ ಮೇಲೆ ಹಾಗೇ ಕೂತಿತು.

ಕಾರಣ ನನಗೆ ತಿಳಿದದ್ದು ಮುಂದಿನ ವಾರದ ಕಂತಿನಲ್ಲಿ. ಒಂದು ದೊಡ್ಡ ಕಟ್ಟಡ, ಉದ್ದನೆಯ ಮೊಗಸಾಲೆ, ಎರಡೂ ಕಡೆ ಒಂದೇ ಥರದ ಬಾಗಿಲು. ಒಂದು ಬಾಗಿಲ ಮುಂದೆ ಹಾಲಿನ ಬಾಟಲಿಗಳು ಯಾರೂ ಎತ್ತದೆ ನಿಂತಿದ್ದವು. ಒಳಗೆ ಒಬ್ಬ ಹುಡುಗಿ ಸತ್ತು ಬಿದ್ದಿದ್ದಳು. ಫೌಜದಾರ ಪಕ್ಕದ ಮನೆಯ ಗಂಟೆ ಒತ್ತಿ ಕೇಳಿದ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: "ನಮಗ ಆಕಿ ಪರಿಚಯ ಇಲ್ಲ. ಮೆಟ್ಟಲದಾಗ ಕಂಡ್ರ ನಮಸ್ಕಾರ ಅಂತಿದ್ದಿವಿ, ಅಷ್ಟೇ."

ಅತ್ತೆ ಪರದೆಯಿಂದ ಮುಖ ತಿರುಗಿಸಿದರು. "ಹಾಲು ಹಂಗೇ ಕೂತಾವ. ಒಬ್ಬರರ ಬಾಗಲ ಬಡೀಬಾರದಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, ನಾದಿನಿ ಅಡುಗೆಮನೆಯಲ್ಲಿದ್ದಾಗ, ನನಗೊಬ್ಬಳಿಗೇ ಕೇಳುವಂತೆ, "ಮುಂಬೈದಾಗೂ ಹಿಂಗೇ ಬಾಗಲಾ ಬಾಗಲಾ ಇರ್ತಾವಂತಲ್ಲ?"

ಅವರು ಕಂಡಿದ್ದ ದೊಡ್ಡ ಊರು ಅದೊಂದೇ, ಮ್ಯೂನಿಕ್. ಅಲ್ಲಿ ವಾರಕ್ಕೊಂದು ಹೆಣ ಬೀಳುತ್ತಿತ್ತು. ಬೀದರಕ್ಕೆ ಹೋಗಿದ್ದರು, ಹುಮನಾಬಾದಿಗೆ ಹೋಗಿದ್ದರು, ಅಲ್ಲೆಲ್ಲ ಬಾಗಿಲುಗಳು ತೆರೆದೇ ಇರುತ್ತಿದ್ದವು. ದೊಡ್ಡ ಊರೆಂದರೆ ಮುಚ್ಚಿದ ಬಾಗಿಲು, ಗಂಟೆ, ಗುರುತಿಲ್ಲದ ಪಕ್ಕದ ಮನೆ. ಕಟ್ಟಡ ಒಂದೇ ಆದ ಮೇಲೆ ಹಣೆಬರಹ ಬೇರೆ ಹೇಗಾದೀತು ಎಂಬುದು ಅವರ ಲೆಕ್ಕ. ಅದು ಕಥೆ, ನಟರು ಎದ್ದು ಮನೆಗೆ ಹೋಗುತ್ತಾರೆ ಎಂದೆ. "ಅದು ನನಗೂ ಗೊತ್ತದ. ಹೆಣ ಸುಳ್ಳಿರಬಹುದು. ಆ ಬಾಜು ಮನಿಯವರು ಸುಳ್ಳಲ್ಲ" ಎಂದರು.

"ನೀವೇ ಒಮ್ಮಿ ಹೋಗಿ ನೋಡಿ ಬರ್ರಿ ಅತ್ತಿ."

"ನಮ್ಮಲ್ಲಿ ಪದ್ಧತಿ ಅದ, ಆಕಿಗಿ ಒಂದು ಕೂಸು ಆಗೋತನಕ ಆಕಿ ಮನಿ ನೀರು ನಾ ಮುಟ್ಟಂಗಿಲ್ಲ. ನೀರು ಮುಟ್ಟದೇ ಮುಂಬೈದಾಗ ಹ್ಯಾಂಗ ಇರ್ಲಿ?"

ನಾದಿನಿಗೆ ತಾಯಿಯ ಈ ಹೆದರಿಕೆ ಗೊತ್ತಾದಾಗ ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಅವ್ವ, ನಾ ಸತ್ತರ ಟಿವಿಯಾಗರ ಬರ್ತೇನಿ. ವೈನಿ ನಿನಗ ಕನ್ನಡದಾಗ ಹೇಳ್ತಾರ" ಎಂದು ಅತ್ತಿಗೆಯಾದ ನನ್ನ ಕಡೆ ತಿರುಗಿದಳು. ಅತ್ತೆ ಲಟ್ಟಣಿಗೆ ತೋರಿಸಿದರು. ಆದರೆ ಅವತ್ತು ರೊಟ್ಟಿ ಬಡಿಯುವಾಗ ನಾದಿನಿಯ ಕೈ ಸಾವಕಾಶವಾಗಿತ್ತು, ಅಂಚು ಹರಿಯುತ್ತಿದ್ದವು. ಅವಳ ರೊಟ್ಟಿ ಎಂದೂ ಹರಿಯುತ್ತಿರಲಿಲ್ಲ.

ಅಳಿಯ ಬೆಳಗಿನ ಸೊಲ್ಲಾಪುರದ ಬಸ್ಸಿಗೆ ಬಂದರು. ಕೈಯಲ್ಲಿ ಮುರಿದ ಬಿಸ್ಕೀಟಿನ ದೊಡ್ಡ ಪುಡಿಕೆ, ಮೈಗೆಲ್ಲ ವೆನಿಲ್ಲಾದ ವಾಸನೆ. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಆಯಿ ಮಣೆ ಸಮೇತ ಬಂದರು.

ನಮ್ಮ ಕಡೆ ಹಳೆಯ ಮನೆಗಳಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಎಳೆದುಕೊಂಡು ನಿಲ್ಲಬೇಕು, ಹೇಳುವುದನ್ನು ಮೂರನೆಯವರ ಕೈಲಿ ಹೇಳಿಸಬೇಕು. ಮದುವೆಯಾದಂದಿನಿಂದ ಅತ್ತೆ ಅಳಿಯನೊಂದಿಗೆ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ಮೂರನೆಯವಳು ಈಗ ನಾನು. ಹೊಸ್ತಿಲ ಮೇಲೆ ನಿಂತೆ, ಬೆನ್ನು ನೆಟ್ಟಗೆ.

"ಕೇಳು, ಖೋಲಿ ಎಷ್ಟನೇ ಮಾಳಗಿ ಮ್ಯಾಲ ಅದ ಅಂತ."

"ಖೋಲಿ ಎಷ್ಟನೇ ಮಾಳಗಿ..."

"ಕೇಳಸ್ತದ ರಿ ವೈನಿ. ನೆಲದ ಮ್ಯಾಲೇ ಅದ."

"ನೆಲದ ಮ್ಯಾಲ ಅದಂತ್ರಿ" ಎಂದೆ ಬಾಗಿಲಿಗೆ.

"ಕೇಳಿಸ್ತು" ಎಂದಿತು ಬಾಗಿಲು. "ಬಾಗಲಕ್ಕ ಗಂಟಿ ಅದೇನು ಕೇಳು."

ಅಳಿಯ ಕಂಗಾಲಾಗಿ ನನ್ನ ಮುಖ ನೋಡಿದರು. "ಗಂಟಿ? ಬಾಗಲೇ ನೆಟ್ಟಗಿಲ್ಲರಿ. ನಾ ಇದ್ದಷ್ಟು ಹೊತ್ತು ತೆರೆದೇ ಇರ್ತದ. ಮುಚ್ಚಿದ್ರ ಕುದಿ."

"ತೆರೆದೇ ಇರ್ತದಾ? ಕಳ್ಳರು ಬಂದ್ರ ಹ್ಯಾಂಗ, ಕೇಳು."

"ಕಳ್ಳಗ ನಿಲ್ಲಲಿಕ್ಕೆ ಜಾಗ ಎಲ್ಲದರಿ? ಖೋಲಿ ಮುಂದೇ ನಳ. ನಸುಕಿನಿಂದ ಪಾಳಿ ಹಚ್ಚಿ ನಿಂತಿರ್ತಾರ. ನಾ ಹೊರಗ ಬರಬೇಕಾದ್ರ ಕೊಡ ಸರಸ್ರಿ, ಕೊಡ ಸರಸ್ರಿ ಅನಕೋತ ಬರಬೇಕು."

ಬಾಗಿಲ ಹಿಂದೆ ಮೌನ. ಆ ಮೌನ ನನಗೆ ಚೆನ್ನಾಗಿ ಗೊತ್ತಿತ್ತು. ದಪ್ಪ ಕೋಟು ಒಂದು ಇರಲಿಲ್ಲ, ಅಷ್ಟೇ. ಅಳಿಯ ಎಲ್ಲರಂತೆ ಅದನ್ನು ತಡೆಯಲಾಗದೆ ತಾವಾಗಿಯೇ ಮುಂದುವರಿದರು. "ಬಾಜುದಾಗ ನಮ್ಮ ಕಡಿಯವರೇ ಇದ್ದಾರರಿ. ಠಾಣಾ ಕುಶನೂರದಾಕಿ. ಗಂಡ ಗೋದಿಯಾಗ, ಹಡಗ ನಿಲ್ಲೋ ಕಡಿ, ಹಮಾಲಿ."

ಮಣೆಯ ಮೇಲೆ ಆಯಿ ನೆಟ್ಟಗಾದರು. ಔರಾದ ತಾಲ್ಲೂಕಿನ ಠಾಣಾ ಕುಶನೂರ ಅವರ ತವರು. "ಯಾರ ಮನಿಯಾಕಿ? ಊರ ಅಗಸಿ ಬಾಗಲ ಹತ್ರದವರಾ, ಬಾವಿ ಕಡಿಯವರಾ?"

"ಅಗಸಿ ಹತ್ರ ಅಂದಂಗ ನೆನಪರಿ."

"ಹುಬ್ಬಿನ ಮ್ಯಾಲ ಗಾಯದ ಗುರ್ತು ಅದೇನು?"

"ಅದರಿ! ಎಡಗಡಿ."

"ಹಂಗಾದ್ರ ನಮ್ಮ ಕಾಕಾನ ಮೊಮ್ಮಗಳು. ಆಡಿನ ಹಿಂದ ಓಡಿ ಹೊಸ್ತಿಲಕ್ಕ ಬಿದ್ದಿದ್ಲು. ಬಿದ್ದಾಗ ಒದರಿದ್ದು ಸಂತಪುರತನಕ ಕೇಳಿತ್ತು." ಆಯಿ ಬಾಗಿಲಿನ ಕಡೆ ತಿರುಗಿ ಕೂಗಿದರು: "ಏ, ಆಕಿ ನಮ್ಮಾಕೀನೇ! ದನಿ ಭಾಳ ದೊಡ್ಡದು!"

ಮ್ಯೂನಿಕ್‌ನ ಫೌಜದಾರ ಒಂದು ಗಂಟೆ ತಿರುಗಿ ಪತ್ತೆ ಹಚ್ಚುತ್ತಿದ್ದದ್ದನ್ನು ಔರಾದ ತಾಲ್ಲೂಕಿನ ಹೆಂಗಸರು ತವರು, ಅಗಸಿ, ಗಾಯದ ಗುರುತು ಕೇಳಿ ಕೂತಲ್ಲೇ ಹಚ್ಚುತ್ತಿದ್ದರು. ಮುಂದಿನ ಪ್ರಶ್ನೆಗಾಗಿ ನಾನು ಬಾಗಿಲಿಗೆ ಕಿವಿಗೊಟ್ಟೆ. ಪ್ರಶ್ನೆ ಬರಲಿಲ್ಲ. ಬಂದವರು ಅತ್ತೆಯೇ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹೊಸ್ತಿಲು ದಾಟಿ, ಪಡಸಾಲೆಯ ನಡುವೆ ನಿಂತರು. ಸೆರಗು ತಲೆಯ ಮೇಲಿತ್ತು, ಮುಖ ಮಾತ್ರ ನೇರ ಅಳಿಯನ ಕಡೆ. ಅಳಿಯ ಗಡಬಡಿಸಿ ಎದ್ದು ನಿಂತರು. ಹಿತ್ತಲ ಬಾಗಿಲಲ್ಲಿ ನಾದಿನಿಯ ಬಳೆ ಸದ್ದು ನಿಂತಿತು.

"ನನಗ ಮಾಳಗಿ ಬ್ಯಾಡ, ಗಂಟಿ ಬ್ಯಾಡ" ಎಂದರು ಅತ್ತೆ. "ನೀವು ಕೆಲಸಕ್ಕ ಹೋಗಿರ್ತೀರಿ. ಒಂದು ಹೊತ್ತು ನನ್ನ ಮಗಳು ಹೊರಗ ಕಾಣಲಿಲ್ಲ ಅಂದ್ರ, ಎಲ್ಲಿ ಹೋದ್ಲು ಅಂತ ಕೇಳೋರು ಅಲ್ಲಿ ಒಬ್ಬರರ ಇದ್ದಾರೇನ್ರಿ? ಅಷ್ಟು ಹೇಳ್ರಿ ಸಾಕು."

ಅಳಿಯ ನೆಲ ನೋಡುತ್ತ ಹೇಳಿದರು. "ನನಗ ಹೋದ ತಿಂಗಳು ಜ್ವರ ಬಂದಿತ್ತರಿ ಅತ್ತಿ. ಎದ್ದು ನಳಕ್ಕ ಹೋಗಲಿಲ್ಲ. ಆ ಕುಶನೂರದಾಕಿ ತನ್ನ ಪಾಳಿ ಬಿಟ್ಟು ಬಂದು ಬಾಗಲ ದೂಡಿದ್ಲು. ಗಂಜಿ ಮಾಡಿ ಕುಡಿಸಿದ್ಲು, ಜ್ವರ ಇಳಿಯೋತನಕ ಬೈದ್ಲು. ಒಳಗ ಬಿದ್ದು ಸಾಯ್ತಿದ್ದಿ, ನಿನ್ನ ಹೆಂಡತಿಗೆ ನಾ ಏನು ಹೇಳ್ಲಿ ಅಂದ್ಲು. ಅವತ್ತಿನಿಂದ ಖೋಲಿ ಕೀಲಿ ಆಕಿ ಹತ್ರಾನೇ ಅದರಿ, ನನ್ನ ಹತ್ರ ಇಲ್ಲ. ಈಗ ಹೊರಡೋವಾಗೂ ಹೇಳ್ಯಾಳ, ಹೆಂಡ್ತಿನ್ನ ಬಿಟ್ಟು ಒಬ್ಬವನೇ ಬಂದಿ ಅಂದ್ರ ಕೀಲಿ ಕೊಡಂಗಿಲ್ಲ, ನಳದ ಬುಡಕ್ಕ ಮಲಗು ಅಂತ."

ಮೊದಲು ನಕ್ಕವರು ಆಯಿ. ಆಮೇಲೆ ಅತ್ತೆ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ.

"ಹಂಗಾದ್ರ ಕರಕೊಂಡು ಹೋಗ್ರಿ" ಎಂದರು. "ನಮ್ಮ ಅಳಿಯ ನಳದ ಬುಡಕ್ಕ ಮಲಗೋದು ಛಂದಲ್ಲ."

ಹಿತ್ತಲಿಂದ ನಾದಿನಿ ಓಡಿ ಬಂದವಳು ಗಂಡನ ಕಡೆ ನೋಡದೆ ನನ್ನ ತೋಳು ಗಟ್ಟಿಯಾಗಿ ಚಿವುಟಿದಳು. ಗುರುತು ಬಹಳ ದಿನ ಇತ್ತು.

ಎರಡು ಬುತ್ತಿ ಕಟ್ಟಿದೆವು. ಒಂದು ದಾರಿಗೆ, ಇನ್ನೊಂದು ಆ ದೊಡ್ಡ ದನಿಯವಳಿಗೆ: ಕಟಕ ರೊಟ್ಟಿ, ಶೇಂಗಾದ ಹಿಂಡಿ, ಪುಂಡಿಪಲ್ಲೆಯ ಒಣ ಎಲೆ. ಆಯಿ ತಮ್ಮ ತವರಿನವಳಿಗೆ ಕೊಡಲು ಹಸಿರು ಬಳೆ ತಂದು ಅದರಲ್ಲಿ ತುರುಕಿದರು. ಬಸ್‌ಸ್ಟ್ಯಾಂಡಿನಲ್ಲಿ ಗಂಟುಗಳ ನಡುವೆ ನಮ್ಮದೂ ಒಂದು ಗಂಟಾಯಿತು. ಮುಂಬೈಗೆ ಹೊರಟ ಒಬ್ಬ ಹೆಂಗಸು ಅತ್ತೆಯನ್ನು ಕೇಳಿದಳು, "ಮಗಳನ್ನ ಕಳಸ್ಲಕತ್ತೀರೇನ್ರಿ?"

"ಹೌದವ್ವ."

"ಅಲ್ಲಿ ಯಾರಿದ್ದಾರ?"

ಅತ್ತೆ ಉತ್ತರ ಹೇಳುವ ಮೊದಲು ಕತ್ತು ಸ್ವಲ್ಪ ಎತ್ತಿದರು. "ನಮ್ಮವರು ಇದ್ದಾರ. ಬಾಜು ಖೋಲಿಯಾಗೇ ಇದ್ದಾರ. ನಿಮಗೂ ಬೇಕಾದ್ರ ಪತ್ತಾ ಬರಕೋರಿ."

ಬಸ್ಸು ಹೊರಟಾಗ, ಆ ವಾರವೆಲ್ಲ ಎಲ್ಲರನ್ನೂ ನಗಿಸುತ್ತಿದ್ದ ನಾದಿನಿ ಮುಖವನ್ನು ಬುತ್ತಿಯ ಗಂಟಿಗೆ ಒತ್ತಿಕೊಂಡಳು. ಅಳಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮುಟ್ಟಿದ ಕೂಡಲೇ ತಿಳಸ್ತೇನಿ ಅತ್ತಿ" ಎಂದರು.

"ತಿಳಿಸೋದು ಆಮ್ಯಾಲ. ಮೊದಲು ಆಕಿಗಿ ನೀರು ಕುಡಸ್ರಿ, ಅಳ್ಲಕತ್ತಾಳ" ಎಂದು ಅತ್ತೆ ಬಸ್ಸಿನ ಜೊತೆ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತ, ಸೆರಗು ಹೆಗಲಿಗೆ ಜಾರಿದ್ದೂ ಗೊತ್ತಿಲ್ಲದೆ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಅಳಿಯನಿಗೆ ಹೇಳುತ್ತಲೇ ಇದ್ದರು.